ಪೆಟ್ಟಿಗೆಯಲ್ಲಿ ಉಳಿದ ಐದು ಪುಸ್ತಕಗಳು

ಶ್ರುತಪಂಚಮಿಯ ಮಹತ್ವವನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಧರಸೇನಾಚಾರ್ಯರಿಂದ ಕೇಳಿ ಕಲಿತದ್ದನ್ನು ಪುಷ್ಪದಂತ ಮತ್ತು ಭೂತಬಲಿ ಮುನಿಗಳು ಷಟ್ಖಂಡಾಗಮವೆಂದು ಬರೆದು ಪೂರೈಸಿದ ದಿನ ಜ್ಯೇಷ್ಠ ಶುಕ್ಲ ಪಂಚಮಿ. ಅಂದು ನನ್ನ ತಂದೆಯವರು ಬೆಳಗ್ಗೆ ಸ್ನಾನ ಮುಗಿಸಿ, ಮಡಿಯುಟ್ಟು, ಹಲಸಿನ ಮರದ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದರು. ಒಂದೊಂದೇ ಪುಸ್ತಕವನ್ನು ಹೊರಗಿಟ್ಟು ಧೂಳು ಒರೆಸಿ, ಗಾಳಿಗೆ ಹರಡಿ, ಹೊಸ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಒಂದನ್ನು ಠವಣೆಕೋಲಿನ ಮೇಲಿಟ್ಟು ಅರ್ಘ್ಯ ಎತ್ತಿದ ಮೇಲೆಯೇ ನಮಗೆಲ್ಲ ತಿಂಡಿ.

2010ರ ಶ್ರುತಪಂಚಮಿಯ ದಿನ ಅದೇ ಪೆಟ್ಟಿಗೆಯನ್ನು ನಾನು ತೆರೆದಾಗ ಒಳಗಿದ್ದವು ಐದೇ ಪುಸ್ತಕಗಳು. ಉಳಿದವು ಎಲ್ಲಿಗೆ ಹೋದವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಹಳೆಯ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಿದೆವು. ಅವುಗಳ ಜೊತೆಯಲ್ಲಿ ತಂದೆಯವರ ಪುಸ್ತಕಗಳೂ ಹೋದವು. ತೂಕ ನೋಡಿಕೊಂಡವನು ನಾನೇ. ಒಟ್ಟು 62 ಕಿಲೋ. ಏಲಕ್ಕಿಯಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೆ ಮಾತಿಗೆ ನಿಲ್ಲುವ ನಾನು ಅಂದು ಕಟ್ಟುಗಳ ದಾರ ಬಿಚ್ಚಿ ಒಳಗೇನಿದೆ ಎಂದು ನೋಡಲಿಲ್ಲ. ಭರತೇಶ ವೈಭವ ಹೋಯಿತು. ನನ್ನ ಚಿಕ್ಕಂದಿನ ಚಂದಮಾಮದ ಕಟ್ಟು ಹೋಯಿತು. ತಂದೆಯವರು ತಮ್ಮ ಕೈಯಿಂದ ಸ್ತೋತ್ರಗಳನ್ನು ಬರೆದುಕೊಂಡಿದ್ದ ನೀಲಿ ರಟ್ಟಿನ ನೋಟುಬುಕ್ಕೂ ಹೋಯಿತು. ಮೊದಲೆರಡನ್ನು ಹಣ ಕೊಟ್ಟರೆ ಇಂದೂ ಹುಡುಕಬಹುದು. ಮೂರನೆಯದನ್ನು ಎಲ್ಲಿ ಹುಡುಕಲಿ?

ನಮ್ಮ ಊರಿನ ವಿಷಯ ಸ್ವಲ್ಪ ಹೇಳುತ್ತೇನೆ. ನಾವಿರುವುದು ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನಲ್ಲಿ. ಪಶ್ಚಿಮಘಟ್ಟದ ಬುಡ. ಬೆಟ್ಟ ಹತ್ತಿದರೆ ಕೇರಳದ ಏಲಕ್ಕಿ ತೋಟಗಳು. ದಕ್ಷಿಣಕ್ಕೆ ಹೋದರೆ ಮುಲ್ಲೈ ಪೆರಿಯಾರ್ ನೀರಿನ ಕಂಬಂ ಕಣಿವೆ, ಬಾಳೆ, ದ್ರಾಕ್ಷಿ, ಭತ್ತದ ಗದ್ದೆ. ತಂದೆಯವರು ಹಾಸನದ ಕಡೆಯಿಂದ ಏಲಕ್ಕಿ ಮಂಡಿಯೊಂದಕ್ಕೆ ಗುಮಾಸ್ತರಾಗಿ ಬಂದು, ಕಾಲಕ್ರಮದಲ್ಲಿ ಸ್ವಂತ ವ್ಯಾಪಾರ ಮಾಡಿದರು. ನನ್ನನ್ನು ಮಾತ್ರ ಹಾಸನದಲ್ಲಿ ಅಜ್ಜಿಯ ಮನೆಯಲ್ಲಿಟ್ಟು ಎಸ್.ಎಸ್.ಎಲ್.ಸಿ.ವರೆಗೆ ಓದಿಸಿದರು. ಆದ್ದರಿಂದ ನನಗೆ ಕನ್ನಡ ಓದಲು ಬರೆಯಲು ಬರುತ್ತದೆ. ನನ್ನ ಮಗ ಇಲ್ಲೇ ತಮಿಳಿನಲ್ಲಿ ಓದಿದ. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಅಕ್ಷರ ಗೊತ್ತಿಲ್ಲ. ಮೊಮ್ಮಕ್ಕಳೂ ಹಾಗೆಯೇ. ಪೆಟ್ಟಿಗೆ ತುಂಬ ಪುಸ್ತಕವಿದ್ದ ಕಾಲದಲ್ಲಿಯೂ ಅದನ್ನು ಓದುವವರು ಈ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಅಂದು ದಾರ ಬಿಚ್ಚಿ ನೋಡದಿರಲು ಇದೂ ಒಂದು ಕಾರಣವೆಂದು ಈಗ ಅನ್ನಿಸುತ್ತದೆ.

ಕಂಬಂ ಕಣಿವೆಯಲ್ಲಿ ಕನ್ನಡ ಮಾತನಾಡುವವರು ನಾವು ಮಾತ್ರವಲ್ಲ. ಇಲ್ಲಿಯ ಒಕ್ಕಲಿಗ ಗೌಡರು, ಇವರನ್ನು ಕಾಪ್ಪಿಲಿಯರ್ ಎಂದೂ ಕರೆಯುತ್ತಾರೆ, ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಆಡುತ್ತಾರೆ. ಬರಹವೆಲ್ಲ ತಮಿಳು. ಸಂತೆಯಲ್ಲಿ ಅವರ ಮಾತು ಕೇಳಿದರೆ ನನಗೆ ಅಜ್ಜಿಯ ಮನೆ ನೆನಪಾಗುತ್ತದೆ, ಅಷ್ಟು ಹಳೆಯ ಕನ್ನಡ. ಪುಸ್ತಕವೇ ಇಲ್ಲದೆ ಒಂದು ಮಾತು ಇಷ್ಟು ಕಾಲ ಬದುಕಿತಲ್ಲ ಎಂದು ಆಶ್ಚರ್ಯಪಟ್ಟಿದ್ದೇನೆ. ಆದರೆ ಆ ಮಾತಿನಲ್ಲಿ ಅಡಿಗೆ, ಮದುವೆ, ಹೊಲ, ದನ ಎಲ್ಲ ಉಂಟು. ಪಂಪ, ರನ್ನರ ಹೆಸರು ಕೇಳಿದವರು ನನಗೆ ಯಾರೂ ಸಿಕ್ಕಿಲ್ಲ. ನಮ್ಮ ಮನೆ ಎತ್ತ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಅಲ್ಲಿ.

ನನ್ನ ಸೊಸೆ ತಮಿಳು ಜೈನರ ಮನೆಯ ಹೆಣ್ಣುಮಗಳು. ವಂದವಾಸಿ, ತಿಂಡಿವನಂ ಕಡೆಯ ನಯಿನಾರ್ ಮನೆತನ. ಅವರ ಮಠ ಮೇಲ್ ಚಿತ್ತಾಮೂರಿನಲ್ಲಿದೆ. ಮದುವೆಯಾಗಿ ಬರುವಾಗ ಸೀರೆ, ಪಾತ್ರೆಗಳ ಜೊತೆಗೆ ಒಂದು ಸಣ್ಣ ಟ್ರಂಕಿನಲ್ಲಿ ಪುಸ್ತಕ ತಂದಿದ್ದಳು. ಶ್ರೀಪುರಾಣ, ನಾಲಡಿಯಾರ್, ಜೀವಕ ಚಿಂತಾಮಣಿ, ಮಕ್ಕಳ ಪದ್ಯದ ಎರಡು ಪುಸ್ತಕ. ಶ್ರುತಪಂಚಮಿಯ ದಿನ ಅವನ್ನೂ ಪೂಜೆಗೆ ಇಡಲು ಬಂದಾಗ, ತಪ್ಪನ್ನು ಮುಚ್ಚಿಡುವುದಿಲ್ಲ, ನಾನು "ಅದು ತಮಿಳು ಪುಸ್ತಕವಮ್ಮಾ, ಆಮೇಲೆ ನೋಡೋಣ" ಎಂದುಬಿಟ್ಟಿದ್ದೆ. ಅವಳು ಎದುರು ಮಾತಾಡಲಿಲ್ಲ. ತನ್ನ ಕೋಣೆಯಲ್ಲಿಯೇ ದೀಪ ಹಚ್ಚಿಕೊಂಡಳು.

ಇದು ಸರಿಯಾದದ್ದು ಮೊಮ್ಮಗಳಿಂದ. ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅಂಗಡಿಗೆ ಬಂದು ಕೇಳಿದಳು, "ತಾತ, ಭವಣಂದಿ ಮುನಿವರ್ ಅಂತ ನಮ್ಮ ತಮಿಳು ಪಾಠದಲ್ಲಿದೆ. ಅವರು ನಮ್ಮವರಂತೆ, ಹೌದಾ?"

ನನಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಸೊಸೆ. ತಮಿಳುನಾಡಿನ ಮಕ್ಕಳೆಲ್ಲ ವ್ಯಾಕರಣವೆಂದು ಓದುವ ನನ್ನೂಲ್ ಗ್ರಂಥವನ್ನು ಬರೆದವರು ಜೈನ ಮುನಿಗಳು. ಸುಮಾರು 800 ವರ್ಷಗಳ ಹಿಂದೆ. ಬರೆಸಿದವನು ಸೀಯಗಂಗನೆಂಬ ಅರಸ, ಕೋಲಾರದ ಗಂಗರ ವಂಶದವನು. ಅಂದರೆ ನಮ್ಮ ಚಾವುಂಡರಾಯ ಯಾವ ಮನೆತನದ ಸೇವೆಯಲ್ಲಿದ್ದನೋ ಆ ಗಂಗರ ಹೆಸರಿನವನೇ ತಮಿಳಿಗೆ ವ್ಯಾಕರಣ ಬರೆಸಿದ. ನಾನು ಐವತ್ತು ವರ್ಷದಿಂದ ಈ ನಾಡಿನಲ್ಲಿ ಅನ್ನ ತಿನ್ನುತ್ತಿದ್ದೇನೆ, ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಸೊಸೆ ಹೇಳುತ್ತಿದ್ದಳೋ ಏನೋ, ಹೇಳಲು ನಾನು ಬಿಡಬೇಕಿತ್ತಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅವಳ ಟ್ರಂಕನ್ನು ನಡುಮನೆಗೆ ತರಿಸಿದೆ. ನಾಲಡಿಯಾರ್ ಪುಸ್ತಕದ ಕತೆಯನ್ನು ಅವಳೇ ಹೇಳಿದಳು. ಬರಗಾಲದಲ್ಲಿ ಎಂಟು ಸಾವಿರ ಜೈನ ಮುನಿಗಳು ಪಾಂಡ್ಯ ರಾಜನ ಆಶ್ರಯಕ್ಕೆ ಬಂದರಂತೆ. ಮಳೆಯಾಗಿ ಬರ ಕಳೆದ ಮೇಲೆ ಹೊರಡುತ್ತೇವೆಂದರೆ ರಾಜ ಬಿಡಲೊಲ್ಲ. ಒಂದು ರಾತ್ರಿ ಪ್ರತಿಯೊಬ್ಬರೂ ತಾವು ಕುಳಿತ ಜಾಗದಲ್ಲಿ ಒಂದೊಂದು ಪದ್ಯದ ಓಲೆಯನ್ನಿಟ್ಟು ಹೇಳದೆ ಹೊರಟುಹೋದರು. ಸಿಟ್ಟಾದ ರಾಜ ಎಲ್ಲವನ್ನೂ ವೈಗೈ ನದಿಗೆ ಎಸೆಸಿದ. ನಾನೂರು ಓಲೆಗಳು ಮಾತ್ರ ಹರಿವಿಗೆ ಎದುರಾಗಿ ತೇಲಿಬಂದವು. ಆ ನಾನೂರು ಪದ್ಯಗಳೇ ನಾಲಡಿಯಾರ್.

ಕತೆಯೆಂದರೆ ಕತೆ. ಆದರೆ ಆ ವೈಗೈ ಹುಟ್ಟುವುದು ನಮ್ಮ ಜಿಲ್ಲೆಯ ವರುಸನಾಡು ಬೆಟ್ಟಗಳಲ್ಲಿ. ಆಂಡಿಪಟ್ಟಿ ಹತ್ತಿರ 1959ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟನ್ನು ನೋಡಲು ಮಕ್ಕಳು ರಜೆಯಲ್ಲಿ ಹೋಗುತ್ತಾರೆ. ಏಳು ಸಾವಿರದ ಆರುನೂರು ಓಲೆ ನೀರುಪಾಲಾದವು ಎಂದು ಮೊಮ್ಮಗ ಬೆರಳು ಮಡಚಿ ಲೆಕ್ಕ ಹಾಕಿದಾಗ ನನಗೆ 62 ಕಿಲೋ ನೆನಪಾಯಿತು. ಮಾತನಾಡಲಿಲ್ಲ.

ಚಿಂತಾಮಣಿಯ ವಿಷಯವನ್ನೂ ಅಂದೇ ತಿಳಿದೆ. ತಮಿಳು ವಿದ್ವಾಂಸರಾದ ಉ. ವೇ. ಸ್ವಾಮಿನಾಥ ಅಯ್ಯರ್ ಅವರಿಗೆ 1880ರಲ್ಲಿ ಅದರ ಪ್ರತಿ ಸಿಕ್ಕಾಗ, ಅದರೊಳಗಿನ ಜೈನ ಮತದ ಮಾತುಗಳು ತಿಳಿಯಲಿಲ್ಲ. ಕುಂಭಕೋಣದ ಜೈನರ ಮನೆಗಳಿಗೆ ಹೋಗಿ ಕೇಳಿ ತಿಳಿದುಕೊಂಡರು. ಅಲ್ಲಿ ಆ ಗ್ರಂಥ ಮನೆಯೊಳಗೆ ಪಾರಾಯಣವಾಗುತ್ತಿತ್ತು. 1887ರಲ್ಲಿ ಅಚ್ಚಾಯಿತು. ಮನೆಯಲ್ಲಿ ಓದುವವರಿದ್ದುದರಿಂದ ವಿದ್ವಾಂಸರಿಗೆ ದಾರಿ ಸಿಕ್ಕಿತು. ಮೂಡಬಿದಿರೆಯ ಧವಲ ಗ್ರಂಥಗಳೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದದ್ದರಿಂದಲ್ಲವೇ 1939ರಲ್ಲಿ ಹೀರಾಲಾಲ್ ಜೈನ್ ಅವರು ಅಚ್ಚಿಗೆ ತರಲು ಸಾಧ್ಯವಾದದ್ದು? ಅದಕ್ಕೂ ಮೊದಲು ಅವುಗಳ ನಕಲು ಮಾಡಿಸಬೇಕೆಂದು ಓಡಾಡಿದವರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರಂಥ ವ್ಯಾಪಾರಿಗಳೇ ಮುಂದೆ ನಿಂತಿದ್ದರು. ನಮ್ಮ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಎಲ್ಲರಿಗೂ ಗೊತ್ತು. ಒಂದು ಓಲೆಯ ಪ್ರತಿಗೆ ಎಷ್ಟು ದಿನದ ಕೂಲಿ, ಎಷ್ಟು ಗರಿ ಎಂದು ವ್ಯಾಪಾರಿಯ ಬುದ್ಧಿಯಿಂದ ಲೆಕ್ಕ ಹಾಕಿದರೆ ಆ ಸಾವಿರದ ಭಾರ ತಿಳಿಯುತ್ತದೆ.

ಇನ್ನು ಮಕ್ಕಳಿಗೆ ಏನು ಕೊಡುವುದು? ಧರ್ಮಗ್ರಂಥವನ್ನೇ ಮೊದಲು ಕೈಗಿಟ್ಟರೆ ಎಂಟು ವರ್ಷದ ಹುಡುಗ ಓಡಿಹೋಗುತ್ತಾನೆ, ನಾನೂ ಓಡಿದ್ದೆ. ನನಗೆ ದಾರಿ ತೋರಿದ್ದು ಹಳೆಯ ಚಂದಮಾಮ. 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗಿನಲ್ಲಿಯೂ ತಮಿಳಿನಲ್ಲಿ ಅಂಬುಲಿಮಾಮ ಎಂಬ ಹೆಸರಿನಲ್ಲಿಯೂ ಆರಂಭವಾಗಿ, 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ. ಬೇಸಿಗೆ ರಜೆಗೆ ನಾನು ಬೋಡಿಗೆ ಬರುವಾಗ ಕೈಯಲ್ಲಿ ಕನ್ನಡದ್ದು ಇರುತ್ತಿತ್ತು. ಪಕ್ಕದ ಮನೆಯ ಹುಡುಗನ ಕೈಯಲ್ಲಿ ತಮಿಳಿನದು. ಚಿತ್ರಗಳು ಅವೇ. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮರಾಜನ ಚಿತ್ರ, ಬರೆದವರು ಈರೋಡು ಕಡೆಯ ಶಂಕರ್, ಎರಡರಲ್ಲೂ ಒಂದೇ. ಇಬ್ಬರೂ ಜಗಲಿಯ ಮೇಲೆ ಕುಳಿತು, ಅವನು ತನ್ನದನ್ನು ಓದಿದರೆ ನಾನು ನನ್ನದರಲ್ಲಿ ಅದೇ ಸಾಲು ಹುಡುಕುತ್ತಿದ್ದೆ. ಎರಡು ಬೇಸಿಗೆಯಲ್ಲಿ ನನಗೆ ತಮಿಳು ಅಕ್ಷರ ಬಂತು. ಯಾವ ಮೇಷ್ಟರೂ ಬೇಕಾಗಲಿಲ್ಲ. ಮುಂದೆ ಅಂಗಡಿಯ ಚೀಟಿ ಓದಲು ಆ ಬೇತಾಳನೇ ನನ್ನ ಗುರು.

ಚಂದಮಾಮ 2013ರಲ್ಲಿ ನಿಂತುಹೋಯಿತು. ಆದರೆ ಉಪಾಯ ನಿಂತಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ, ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಇವರೆಲ್ಲ ಮಕ್ಕಳ ಒಂದೇ ಚಿತ್ರಪುಸ್ತಕವನ್ನು ಹಲವು ಭಾಷೆಗಳಲ್ಲಿ ಹೊರತರುತ್ತಾರೆ. ನಾನು ಕನ್ನಡದ್ದೊಂದು, ತಮಿಳಿನದೊಂದು ಜೋಡಿ ಕೊಂಡೆ. ಮೊಮ್ಮಗ ತಮಿಳಿನಲ್ಲಿ ಓದುತ್ತಾನೆ, ನಾನು ಕನ್ನಡದಲ್ಲಿ ಓದುತ್ತೇನೆ, ಆಮೇಲೆ ಪುಸ್ತಕ ಬದಲಿಸಿಕೊಳ್ಳುತ್ತೇವೆ. ಆರು ತಿಂಗಳಲ್ಲಿ ಅವನು ಕಾಗುಣಿತ ಹಿಡಿದ. ಒತ್ತಕ್ಷರದಲ್ಲಿ ಈಗಲೂ ಎಡವುತ್ತಾನೆ. ತಮಿಳಿನಲ್ಲಿ ಒತ್ತು ಇಲ್ಲವಲ್ಲ, "ಈ ಅಕ್ಷರದ ಕಾಲಿಗೆ ಇನ್ನೊಂದನ್ನು ಯಾಕೆ ಕಟ್ಟಿದ್ದಾರೆ ತಾತ?" ಎನ್ನುತ್ತಾನೆ.

ಮಕ್ಕಳಿಗೆ ಇನ್ನೂ ಏನೇನು ತಂದೆನೆಂದರೆ, ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು, ರಾಜರತ್ನಂ ಅವರ ತುತ್ತೂರಿ, ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ. ಕೊನೆಯದನ್ನು ಹನ್ನೆರಡು ಸಂಪುಟವೂ ಬೇಕೆಂದು ಹಟ ಹಿಡಿದು ತಂದೆ. ಮಲಗುವ ಮುಂಚೆ ದಿನಕ್ಕೊಂದು ಎಂದರೆ ವರ್ಷಪೂರ್ತಿ ಚಿಂತೆಯಿಲ್ಲ. 2010ರ ಕೊನೆಯಲ್ಲಿ ನಿಂತಿದ್ದ ಮದುರೆ-ಬೋಡಿ ರೈಲು 2023ರ ಜೂನಿನಲ್ಲಿ ಮತ್ತೆ ಓಡಿತಲ್ಲ, ಆ ರೈಲಿನಲ್ಲಿ ನಾನು ಮೊದಲು ತಂದ ಸಾಮಾನು ಎರಡು ರಟ್ಟಿನ ಡಬ್ಬ ಪುಸ್ತಕ. ಸ್ಟೇಷನ್ನಿನಲ್ಲಿ ಪರಿಚಯದವರೊಬ್ಬರು ಏಲಕ್ಕಿ ಸ್ಯಾಂಪಲ್ಲೇ ಎಂದು ಕೇಳಿದರು.

ದೊಡ್ಡವರ ಓದು ಅವರವರ ರುಚಿ. ಹೆಂಡತಿಗೆ ತ್ರಿವೇಣಿ, ಎಂ. ಕೆ. ಇಂದಿರಾ ಕಾದಂಬರಿಗಳು ಎಷ್ಟನೆಯ ಸಲವೋ. ನಾನು ಭೈರಪ್ಪನವರ ಪರ್ವ ಓದುವಾಗ ಸೊಸೆ ಅದನ್ನೇ ಪಾವಣ್ಣನ್ ಅವರ ತಮಿಳು ಅನುವಾದ ಪರುವಂನಲ್ಲಿ ಓದಿದಳು. ದ್ರೌಪದಿಯ ವಿಷಯದಲ್ಲಿ ನಮ್ಮಿಬ್ಬರಿಗೂ ಅಭಿಪ್ರಾಯ ಕೂಡಲಿಲ್ಲ. ಮಾವ ಸೊಸೆ ಪುಸ್ತಕದ ಮೇಲೆ ವಾದ ಮಾಡುವುದನ್ನು ಕೇಳಿ ಮಗ ನಗುತ್ತಿದ್ದ. ಆತ ಅಂಗಡಿಯಲ್ಲಿ ಫೋನು ಬಿಟ್ಟರೆ ಬೇರೇನೂ ಓದುವುದಿಲ್ಲ. ಅವನಿಗಾಗಿ ಕಾರ್ವಾಲೊ ಪುಸ್ತಕವನ್ನು ರಾತ್ರಿ ನಾನೇ ಗಟ್ಟಿಯಾಗಿ ಓದಿದೆ. ಕಾಡು, ಬೆಟ್ಟ, ಜೇನಿನ ಕತೆ, ನಮ್ಮ ಬೋಡಿ ಮೆಟ್ಟಿನಂತೆಯೇ ಇದೆ ಎಂದು ಕೊನೆಯ ಪುಟದವರೆಗೂ ಕುಳಿತ. ತಿರುಕ್ಕುರಳ್ ಬರೆದವರು ಜೈನರೋ ಅಲ್ಲವೋ ಎಂಬ ವಾದವನ್ನು ಮಾತ್ರ ನಮ್ಮ ಮನೆಯಲ್ಲಿ ಎತ್ತುವುದಿಲ್ಲ. ಪುಸ್ತಕ ಬೀರುವಿನಲ್ಲಿದೆ, ಓದುತ್ತೇವೆ.

ಕಳೆದ ವರ್ಷ ಮಕ್ಕಳನ್ನು ಉತ್ತಮಪಾಳಯಂ ಬಂಡೆಗೆ ಕರೆದುಕೊಂಡು ಹೋದೆ. ತೇನಿಯಿಂದ ಕಂಬಂಗೆ ಹೋಗುವ ದಾರಿಯಲ್ಲಿದೆ. ಬಂಡೆಯ ಮೈಯಲ್ಲಿ ಸಾಲಾಗಿ ತೀರ್ಥಂಕರರು, ಪಾರ್ಶ್ವನಾಥರ ತಲೆಯ ಮೇಲೆ ಹೆಡೆ. ಕೆಳಗೆ ಸಾವಿರ ವರ್ಷಕ್ಕೂ ಹಿಂದಿನ ವಟ್ಟೆಳುತ್ತು ಬರಹ. ಅಜ್ಜಣಂದಿ ಎಂಬ ಮುನಿಗಳ ಹೆಸರು ಅದರಲ್ಲಿದೆಯೆಂದು ಮೊದಲೇ ಓದಿಕೊಂಡು ಹೋಗಿದ್ದೆ. ತಮಿಳಿನಲ್ಲಿ ತರಗತಿಗೆ ಮೊದಲಿಗಳಾದ ಮೊಮ್ಮಗಳು ಬಹಳ ಹೊತ್ತು ಆ ಅಕ್ಷರಗಳ ಮುಂದೆ ನಿಂತಳು.

"ತಾತ, ಇದು ತಮಿಳೇ ಅಂತೀರಿ. ನನಗೆ ಒಂದು ಅಕ್ಷರವೂ ಓದಲಾಗುತ್ತಿಲ್ಲ."

"ನನಗೂ ಇಲ್ಲಮ್ಮಾ," ಎಂದೆ.

"ಹಾಗಾದರೆ ಇದನ್ನು ಓದುವವರು ಯಾರು?"

ಈಗ ಇಂಥದನ್ನು ಓದಲು ಕಲಿಸುವ ಓದು ಯಾವುದೆಂದು ವಿಚಾರಿಸುತ್ತಿದ್ದಾಳೆ. ಅವರಪ್ಪನಿಗೆ ಬಿ.ಕಾಂ. ಮಾಡಿಸಿ ಅಂಗಡಿಯ ಲೆಕ್ಕಕ್ಕೆ ಕೂರಿಸುವ ಆಸೆ. ತೀರ್ಮಾನ ಇನ್ನೂ ಆಗಿಲ್ಲ. ನಾನು ಯಾವ ಕಡೆ ಎಂದು ಅವಳಿಗೆ ಗೊತ್ತು.

ಈ ವರ್ಷದ ಶ್ರುತಪಂಚಮಿಗೆ ಹಲಸಿನ ಪೆಟ್ಟಿಗೆ ಸಾಲದೆ ಗೋಡೆಗೆ ಬೀರು ಮಾಡಿಸಿದೆವು. ಮೇಲಿನ ಸಾಲಿನಲ್ಲಿ ತಂದೆಯವರ ಐದು ಪುಸ್ತಕ, ಅವುಗಳ ಪಕ್ಕದಲ್ಲಿ ಸೊಸೆಯ ಶ್ರೀಪುರಾಣ. ಠವಣೆಕೋಲಿನ ಮೇಲೆ ಈ ಸಲ ಅವಳ ನಾಲಡಿಯಾರ್ ಇಟ್ಟು ಅರ್ಘ್ಯ ಎತ್ತಿದೆವು. ಮೊಮ್ಮಗ ಅಂಗಡಿಯ ಹಳೆಯ ಸ್ಟಾಕ್ ಬುಕ್ಕಿನಲ್ಲಿ ಗೆರೆ ಎಳೆದು ಎಲ್ಲ ಪುಸ್ತಕಗಳ ಹೆಸರು ಬರೆದಿದ್ದಾನೆ, ಅರ್ಧ ಕನ್ನಡ, ಅರ್ಧ ತಮಿಳು. ಒಟ್ಟು 214. ಬಾಡಿಗೆಗೆ ಹೋದ ಸಾಮಾನಿನಂತೆ, ಯಾರಾದರೂ ಓದಲು ಒಯ್ದರೆ ತಾರೀಖು ಬರೆದು ಸಹಿ ಹಾಕಿಸಿಕೊಳ್ಳುತ್ತಾನೆ. ನನ್ನನ್ನೂ ಬಿಡುವುದಿಲ್ಲ.

ಕಂಬಂನಲ್ಲಿರುವ ಅಣ್ಣನವರ ಮನೆಯ ಅಟ್ಟದಲ್ಲಿ ತಂದೆಯವರ ಇನ್ನೊಂದು ಗಂಟು ಇದೆಯೆಂದು ಅತ್ತಿಗೆ ಮೊನ್ನೆ ಫೋನಿನಲ್ಲಿ ಹೇಳಿದರು. ಗೆದ್ದಲು ಹತ್ತಿದೆಯೋ ಏನೋ, ಬಿಚ್ಚಿ ನೋಡಿಲ್ಲವಂತೆ. ಬಿಚ್ಚಬೇಡಿ, ಯಾರಿಗೂ ಕೊಡಬೇಡಿ ಎಂದಿದ್ದೇನೆ. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ನಾನೂ ಮೊಮ್ಮಗನೂ ಹೊರಡುತ್ತೇವೆ. ಅವನು ಸ್ಟಾಕ್ ಬುಕ್ಕನ್ನೂ ತರುತ್ತಾನಂತೆ.