ಒಲ್ಲೆ ಎಂದ ಮದುಮಗಳು

ಮುಖದ ಪಟ್ಟಿ ಬಿಚ್ಚಿ, ಬಿಳಿ ನಿಲುವಂಗಿ ತೊಡಿಸಿ, ಇಬ್ಬರು ಗಂಡಸರು ಅತ್ತಿತ್ತ ನಿಂತು ಅವಳನ್ನು ಹಿಡಿದುಕೊಂಡಿದ್ದಾರೆ. ಕೈಗೆ ಸುತ್ತಿದ ಬ್ಯಾಂಡೇಜು ಇನ್ನೂ ಹಾಗೇ ಇದೆ. ಕೂದಲು ಗಾಳಿಗೆ ಸಿಕ್ಕ ಜ್ವಾಲೆಯಂತೆ ನೆಟ್ಟಗೆ ಮೇಲೆದ್ದಿದೆ, ಎರಡೂ ಬದಿಗೆ ಮಿಂಚು ಹರಿದಂತೆ ಬಿಳಿ ಗೆರೆ. ಹಿನ್ನೆಲೆಯಲ್ಲಿ ಮದುವೆಯ ಗಂಟೆಗಳು. ಅವಳು ಕತ್ತನ್ನು ಹಕ್ಕಿಯ ಹಾಗೆ ಥಟ್ಟನೆ ಆಚೆ, ಥಟ್ಟನೆ ಈಚೆ ಹೊರಳಿಸುತ್ತಾಳೆ. ಜೀವ ಬಂದು ಇನ್ನೂ ಐದು ನಿಮಿಷವಾಗಿಲ್ಲ, ಆಗಲೇ ನೋಡಲು ಗಂಡು ಬಂದಿದ್ದಾನೆ. ಕೇಸರಿಬಾತು, ಬಜ್ಜಿ ಒಂದು ಇಲ್ಲ ಅನ್ನುವುದು ಬಿಟ್ಟರೆ ಇದು ಸಾಕ್ಷಾತ್ ಹೆಣ್ಣು ನೋಡುವ ಶಾಸ್ತ್ರವೇ.

ಗಂಡು ಅಳುಕುತ್ತಾ ಹತ್ತಿರ ಬರುತ್ತಾನೆ. ‘ಗೆಳತಿಯಾಗುತ್ತೀಯಾ’ ಎಂದು ಬೇಡುವ ದನಿಯಲ್ಲಿ ಕೇಳುತ್ತಾನೆ. ಅವಳು ಕಿಟಾರನೆ ಕಿರಿಚುತ್ತಾಳೆ.

1935ರಲ್ಲಿ ಯೂನಿವರ್ಸಲ್ ಸ್ಟುಡಿಯೊ ತೆರೆಗೆ ತಂದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ಕೊನೆಯ ಭಾಗ ಇದು. ಒಟ್ಟು 75 ನಿಮಿಷದ ಕಪ್ಪು-ಬಿಳುಪು ಸಿನಿಮಾ. ಹೆಸರೇ ಮದುಮಗಳದ್ದು, ಆದರೆ ಅವಳು ತೆರೆಯ ಮೇಲಿರುವುದು ಐದು ನಿಮಿಷಕ್ಕೂ ಕಡಿಮೆ. ಆಡುವ ಮಾತು ಒಂದೂ ಇಲ್ಲ. ಹೆಸರಿನಲ್ಲಿ ಇನ್ನೊಂದು ಗೋಜಲೂ ಇದೆ. ಫ್ರಾಂಕೆನ್‌ಸ್ಟೈನ್ ಎನ್ನುವುದು ಹೆಣದ ತುಂಡುಗಳನ್ನು ಹೊಲಿದು ಜೀವ ಕೊಟ್ಟ ವಿಜ್ಞಾನಿಯ ಹೆಸರು, ಅವನು ಸೃಷ್ಟಿಸಿದ ದೈತ್ಯನಿಗೆ ಹೆಸರೇ ಇಲ್ಲ. ಹಾಗೆ ನೋಡಿದರೆ ಫ್ರಾಂಕೆನ್‌ಸ್ಟೈನನ ಮದುಮಗಳು ಅವನ ಹೆಂಡತಿ ಎಲಿಜಬೆತ್. ಲೋಕ ಮಾತ್ರ ಅಪ್ಪನ ಹೆಸರನ್ನು ಮಗನಿಗೆ ಅಂಟಿಸಿ ಎಂದೋ ಮುಗಿಸಿಬಿಟ್ಟಿದೆ.

1931ರ ‘ಫ್ರಾಂಕೆನ್‌ಸ್ಟೈನ್’ ದುಡ್ಡು ಬಾಚಿದ ಮೇಲೆ ಎರಡನೇ ಭಾಗ ಬೇಕೆಂದು ಸ್ಟುಡಿಯೊ ಪಟ್ಟು ಹಿಡಿದದ್ದು ಸಹಜ. ಒಲ್ಲೆ ಅಂದವರು ನಿರ್ದೇಶಕ ಜೇಮ್ಸ್ ವೇಲ್. ಆ ಕಥೆಯಲ್ಲಿ ಇದ್ದಬದ್ದ ರಸವನ್ನೆಲ್ಲ ಹಿಂಡಿಯಾಗಿದೆ ಎನ್ನುವುದು ಅವರ ವಾದ. ನಡುವೆ ‘ದಿ ಇನ್ವಿಸಿಬಲ್ ಮ್ಯಾನ್’ ಮಾಡಿ ಗೆದ್ದರು. ಕೊನೆಗೂ ಒಪ್ಪಿಕೊಂಡಾಗ, ಮಾಡುವುದಾದರೆ ನನಗೆ ಕುಶಿ ಕಂಡ ಹಾಗೆ ಎಂಬ ಧಾಟಿಯಲ್ಲೇ ಮಾಡಿದರು. ಆ ಹುಡುಗಾಟ ಚಿತ್ರದ ತುಂಬ ಇದೆ. ಹಿಂಡಿ ಎಸೆದ ಕಬ್ಬಿನಲ್ಲಿ ರಸ ಇನ್ನೂ ಎಲ್ಲಿ ಉಳಿದಿತ್ತು ಅಂದರೆ, ಮೂಲ ಕಾದಂಬರಿಯಲ್ಲಿ.

ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ದೈತ್ಯನೇ ತನ್ನ ಸೃಷ್ಟಿಕರ್ತನ ಬಳಿ ಬಂದು ಜೊತೆಗಾತಿಯನ್ನು ಕೇಳುತ್ತಾನೆ. ವಿಜ್ಞಾನಿ ಒಪ್ಪುತ್ತಾನೆ, ಸ್ಕಾಟ್ಲೆಂಡಿನ ಆಚೆಯ ಆರ್ಕ್ನಿ ದ್ವೀಪಕ್ಕೆ ಹೋಗಿ ಕೆಲಸವನ್ನೂ ಶುರು ಮಾಡುತ್ತಾನೆ. ಅರ್ಧಕ್ಕೆ ಬಂದಾಗ ತಲೆಗೊಂದು ಹುಳ ಹೊಕ್ಕುತ್ತದೆ. ಹುಟ್ಟುವವಳಿಗೂ ಬುದ್ಧಿ ಇರುತ್ತದಲ್ಲ, ತಾನು ಹುಟ್ಟುವ ಮೊದಲೇ ಇನ್ಯಾರೋ ಮಾಡಿಕೊಂಡ ಒಪ್ಪಂದಕ್ಕೆ ಅವಳು ಒಪ್ಪದೇ ಹೋದರೆ? ಅವನನ್ನು ಕಂಡು ಅವಳೇ ಹೇಸಿದರೆ? ಇನ್ನೂ ಏನೇನೋ ಭಯಗಳು ಅದರ ಜೊತೆ ಸೇರಿಕೊಂಡು, ಅವನು ಆ ಅರೆಬರೆ ದೇಹವನ್ನು ಹರಿದು ಹಾಕುತ್ತಾನೆ. ಪುಸ್ತಕದಲ್ಲಿ ಅವಳು ಕಣ್ಣೇ ಬಿಡುವುದಿಲ್ಲ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಒಂದೆರಡು ವಾಕ್ಯದಲ್ಲಿ ಆಡಿ ಮುಂದೆ ಸಾಗಿದ ಆ ಅನುಮಾನವನ್ನೇ ವೇಲ್ ಎತ್ತಿಕೊಂಡು ಕಣ್ಣು ಬಿಡಿಸಿದರು. ನನ್ನ ಮಟ್ಟಿಗೆ ಈ ಸೀಕ್ವೆಲ್ ಮೊದಲ ಭಾಗಕ್ಕಿಂತ ದೊಡ್ಡದಾಗುವುದು ಇದರಿಂದಲೇ. ಋಣ ತೀರಿಸುವಂತೆ ಚಿತ್ರ ಶುರುವಾಗುವುದೂ ಮೇರಿ ಶೆಲ್ಲಿಯಿಂದ. ಹೊರಗೆ ಗುಡುಗು ಮಳೆ, ಒಳಗೆ ಕವಿಗಳಾದ ಬೈರನ್ ಮತ್ತು ಪರ್ಸಿ ಶೆಲ್ಲಿ, ನಡುವೆ ಕಸೂತಿ ಹಾಕುತ್ತಾ ಕೂತ ಮೇರಿ, ಕಥೆ ಇನ್ನೂ ಮುಗಿದಿಲ್ಲ ಎನ್ನುತ್ತಾಳೆ. ಆ ಪಾತ್ರ ಮಾಡಿದ ಎಲ್ಸಾ ಲ್ಯಾಂಚೆಸ್ಟರ್ ಕೊನೆಯಲ್ಲಿ ಮದುಮಗಳಾಗಿಯೂ ಬರುತ್ತಾರೆ. ಬರೆದವಳ ಮುಖವೇ ಬರೆಸಿಕೊಂಡವಳಿಗೆ. ಮಜವೆಂದರೆ ಪಾತ್ರವರ್ಗದ ಪಟ್ಟಿಯಲ್ಲಿ ಮೇರಿಯ ಎದುರು ಎಲ್ಸಾ ಹೆಸರಿದೆ, ಮದುಮಗಳ ಎದುರು ಬರೀ ಪ್ರಶ್ನಾರ್ಥಕ ಚಿಹ್ನೆ. ಮೊದಲ ಭಾಗದಲ್ಲಿ ದೈತ್ಯನ ಪಾತ್ರಧಾರಿಗೂ ಇದೇ ಮರ್ಯಾದೆ ಸಿಕ್ಕಿತ್ತು.

ಆ ಪಾತ್ರಧಾರಿ ಬೋರಿಸ್ ಕಾರ್ಲಾಫ್. ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಲಂಡನ್ನಿನವರು. ತಂದೆ ಬ್ರಿಟಿಷ್ ಇಂಡಿಯಾದಲ್ಲಿ ಉಪ್ಪಿನ ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದವರು. ಉಪ್ಪಿನ ಸಾಹೇಬರ ಮಗ ಬೆಳೆದು ದೈತ್ಯನಾದ ಎಂದು ಯಾರಾದರೂ ಸತ್ಯಾಗ್ರಹಿಗಳು ಕಿಚಾಯಿಸಿದ್ದರೆ ಆಶ್ಚರ್ಯವಿಲ್ಲ. ಎರಡನೇ ಭಾಗದಲ್ಲಿ ದೈತ್ಯ ಮಾತಾಡುತ್ತಾನೆ ಎನ್ನುವುದು ಕಾರ್ಲಾಫ್‌ಗೆ ಸುತರಾಂ ಇಷ್ಟವಿರಲಿಲ್ಲ. ಮೂಕತನವೇ ಅವನ ಶಕ್ತಿ, ಬಾಯಿ ಬಂದರೆ ಅದು ಹೋಯಿತು ಎಂಬ ತಕರಾರು. ಇಲ್ಲಿ ನಾನು ವೇಲ್ ಕಡೆ. ಕಾದಂಬರಿಯ ದೈತ್ಯ ಮಿಲ್ಟನ್, ಪ್ಲುಟಾರ್ಕ್ ಓದಿಕೊಂಡು ಪುಟಗಟ್ಟಲೆ ವಾದಿಸುವವನು, ಅಷ್ಟು ಇಲ್ಲಿ ಬೇಕಿಲ್ಲ. ವೇಲ್ ಕೊಟ್ಟದ್ದು ನಲವತ್ತು ಚಿಲ್ಲರೆ ಪದ. ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಹತ್ತು ವರ್ಷದ ಮಕ್ಕಳ ಪರೀಕ್ಷಾ ಉತ್ತರಗಳನ್ನು ನೋಡಿ ಆ ಪದಗಳನ್ನು ಆರಿಸಿದರಂತೆ.

ಅವು ಹುಟ್ಟುವ ಜಾಗ ಕಾಡಿನ ಒಂದು ಗುಡಿಸಲು. ಒಳಗೆ ಕುರುಡ ಸನ್ಯಾಸಿಯೊಬ್ಬ ಪಿಟೀಲು ನುಡಿಸುತ್ತಿದ್ದಾನೆ. ಸುಟ್ಟ ಗಾಯ, ಗುಂಡೇಟು ಹೊತ್ತು ಓಡಿ ಬಂದ ದೈತ್ಯ ಆ ನಾದಕ್ಕೆ ಬಾಗಿಲಲ್ಲೇ ನಿಲ್ಲುತ್ತಾನೆ. ಬಂದವನು ಯಾರೆಂದು ಕಾಣದ ಮುದುಕ ಕೈಹಿಡಿದು ಒಳಗೆ ಕರೆದು, ಉಣ್ಣಲಿಕ್ಕಿ, ಮಲಗಿಸಿ, ಗೆಳೆಯನನ್ನು ಕಳಿಸಿದೆಯಲ್ಲ ಎಂದು ದೇವರಿಗೆ ಕೈಮುಗಿದು ಅಳುತ್ತಾನೆ. ಮಲಗಿದ್ದ ದೈತ್ಯನ ಕೆನ್ನೆಯ ಮೇಲೂ ಒಂದು ಹನಿ. ಮಾರನೇ ದಿನ ಪಾಠ. ರೊಟ್ಟಿ, ವೈನು, ಗೆಳೆಯ, ಒಳ್ಳೇದು. ಮುದುಕ ಸಿಗಾರ್ ಹಚ್ಚಿದಾಗ ಬೆಂಕಿ ಕಂಡು ಹೌಹಾರಿದವನು, ಹೊಗೆ ಎಳೆದ ಮೇಲೆ ಎಳೆಮಗುವಿನ ಹಾಗೆ ಕೇಕೆ ಹಾಕುತ್ತಾನೆ. ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ. ಅಷ್ಟರಲ್ಲಿ ದಾರಿ ತಪ್ಪಿದ ಇಬ್ಬರು ಬೇಟೆಗಾರರು ಬಂದು ಗುರುತು ಹಿಡಿಯುತ್ತಾರೆ. ಗಲಾಟೆ, ಬೆಂಕಿ, ಗುಡಿಸಲು ಭಸ್ಮ. 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’ ಈ ದೃಶ್ಯವನ್ನು ಹೊಟ್ಟೆ ಹುಣ್ಣಾಗುವಂತೆ ಅಣಕಿಸಿದೆ. ಅದನ್ನು ನೋಡಿ ನಕ್ಕವರು ಮೂಲಕ್ಕೆ ಮರಳಿದರೆ, ಇಲ್ಲೂ ನಗು ಬೇಕೆಂದೇ ಇಟ್ಟದ್ದು ಎಂದು ಗೊತ್ತಾಗುತ್ತದೆ.

‘ಗೆಳೆಯ’ ಎಂಬ ಪದ ಕಲಿತವನಿಗೆ ಅದು ಬೇಕೂ ಅನ್ನಿಸುತ್ತದೆ. ಅದನ್ನೇ ಬಳಸಿಕೊಳ್ಳುವವನು ಡಾಕ್ಟರ್ ಪ್ರಿಟೋರಿಯಸ್, ಈ ಸಂಬಂಧ ಕುದುರಿಸುವ ದಲ್ಲಾಳಿ. ಅರ್ನೆಸ್ಟ್ ಥೆಸಿಗರ್ ಎಂಬ ಕಡ್ಡಿಯಂಥ ನಟ, ಗಾಳಿಪಟದ ಬಾಲದಂತೆ ತುದಿಯಲ್ಲಿ ತಿರುಚಿಕೊಳ್ಳುವ ಮಾತು. ಸಮಾಧಿಯ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯ ಮೇಲೆ ಎಲೆ ಹಾಕಿದಷ್ಟು ನಿರಾಳವಾಗಿ ಊಟಕ್ಕೆ ಕೂತವನು, ಎದುರಿಗೆ ದೈತ್ಯ ಬಂದು ನಿಂತರೂ ಬೆಚ್ಚದೆ ಸಿಗಾರ್ ನೀಡುತ್ತಾನೆ. ಇವನ ಬಳಿ ಗಾಜಿನ ಭರಣಿಗಳಲ್ಲಿ ಗೇಣುದ್ದದ ಜೀವಂತ ಮನುಷ್ಯರಿದ್ದಾರೆ. ರಾಜ, ರಾಣಿ, ಬಿಷಪ್, ಸೈತಾನ, ನರ್ತಕಿ, ಮತ್ಸ್ಯಕನ್ಯೆ. ರಾಜನ ವೇಷ ಎಂಟನೇ ಹೆನ್ರಿಯದು. ಎರಡು ವರ್ಷ ಹಿಂದಷ್ಟೇ ಆ ರಾಜನ ಪಾತ್ರ ಮಾಡಿ ಆಸ್ಕರ್ ಗೆದ್ದಿದ್ದ ಚಾರ್ಲ್ಸ್ ಲಾಟನ್, ಎಲ್ಸಾ ಲ್ಯಾಂಚೆಸ್ಟರ್ ಅವರ ಗಂಡ. ಈ ಪುಟ್ಟ ರಾಜ ಭರಣಿ ಹತ್ತಿ ಹಾರಿ ರಾಣಿಯ ಭರಣಿಯ ಕಡೆ ಓಡುತ್ತಾನೆ, ಪ್ರಿಟೋರಿಯಸ್ ಅವನನ್ನು ಚಿಮಟದಲ್ಲಿ ಎತ್ತಿ ಮರಳಿ ತುಂಬುತ್ತಾನೆ. ರಾಣಿಗೆ ಅವನು ಬೇಕಿತ್ತೇ ಎಂದು ಅಲ್ಲಿಯೂ ಯಾರೂ ವಿಚಾರಿಸಲಿಲ್ಲ.

ಇನ್ನು ಅವಳ ಹುಟ್ಟು. ಗೋಪುರದ ಮೇಲಿಂದ ಬಿರುಗಾಳಿಗೆ ಗಾಳಿಪಟ ಬಿಟ್ಟು ಮಿಂಚನ್ನು ಕೆಳಗಿಳಿಸುತ್ತಾರೆ. ಕ್ಯಾಮೆರಾ ಓರೆಯಾಗಿ ವಾಲುತ್ತದೆ, ಮುಖಗಳ ಮೇಲೆ ಕೆಳಗಿನಿಂದ ಬೆಳಕು, ಕೆನ್ನೆಥ್ ಸ್ಟ್ರಿಕ್‌ಫೇಡನ್ ಕಟ್ಟಿದ ವಿದ್ಯುತ್ ಯಂತ್ರಗಳು ಚಟಚಟ ಕಿಡಿ ಉಗುಳುತ್ತವೆ. ಫ್ರಾಂಜ್ ವ್ಯಾಕ್ಸ್‌ಮನ್ ಸಂಗೀತದಲ್ಲಿ ನಗಾರಿಯ ಒಂದೇ ಬಡಿತ ಗುಂಡಿಗೆಯಂತೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಬಣ್ಣವಿದ್ದಿದ್ದರೆ ಇದು ಕೆಡುತ್ತಿತ್ತು ಎಂದೇ ನನಗನ್ನಿಸುವುದು. ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ದೈತ್ಯನ ಮುಖಕ್ಕೆ ಬಳಿದದ್ದು ಹಸಿರು ಕಲೆತ ಬೂದು ಬಣ್ಣ. ಎದುರಿಗೆ ಕಂಡರೆ ಅದು ಯಕ್ಷಗಾನದ ಚೌಕಿಯಿಂದ ಎದ್ದು ಬಂದ ಹಾಗಿರುತ್ತಿತ್ತೇನೋ, ಕಪ್ಪು-ಬಿಳುಪು ಫಿಲಂ ಮಾತ್ರ ಅದನ್ನು ಹೆಣದ ಬಿಳಿಚಾಗಿ ಓದಿಕೊಂಡಿತು.

ಮದುಮಗಳ ಕೂದಲು ಈಜಿಪ್ಟಿನ ರಾಣಿ ನೆಫರ್ಟಿಟಿಯ ಶಿರೋಭೂಷಣದ ನೆನಪಿನದು, ತಂತಿಯ ಪಂಜರದ ಮೇಲೆ ಕೂರಿಸಿದ್ದು. ಬ್ಯಾಂಡೇಜು ಸುತ್ತಿಸಿಕೊಂಡ ಮೇಲೆ ಎಲ್ಸಾಗೆ ನಡೆಯಲೂ ಆಗುತ್ತಿರಲಿಲ್ಲ, ಎತ್ತಿಕೊಂಡು ಹೋಗಬೇಕಿತ್ತು. ಇಷ್ಟೆಲ್ಲ ಬೇರೆಯವರು ಮಾಡಿದ್ದು. ಎಲ್ಸಾ ಅವರದೇ ಎಂದಿರುವುದು ಒಂದು ಸದ್ದು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಹತ್ತಿರ ಹೋದವರ ಮೇಲೆ ಬುಸುಗುಟ್ಟುವ ಹಂಸಗಳನ್ನು ಎಲ್ಸಾ ಕಂಡಿದ್ದರು. ಬುಸುಗುಡುವುದನ್ನು ಅಲ್ಲಿಂದ ತಂದರು. ಮಾತು ಕಲಿಸುವ ಮುದುಕ ಗಂಡಿಗೆ ಸಿಕ್ಕಿದ್ದ, ಇವಳಿಗೆ ಅಷ್ಟು ಪುರುಸೊತ್ತೇ ಸಿಗಲಿಲ್ಲ. ಆದರೂ ‘ಒಲ್ಲೆ’ ಎನ್ನುವುದು ಎಲ್ಲರಿಗೂ ಕೇಳಿಸಿತು.

ದೈತ್ಯನಿಗೂ ಕೇಳಿಸಿತು. ಅವನು ಅವಳ ಮೇಲೆ ಕೈ ಮಾಡುವುದಿಲ್ಲ. ಗೋಪುರವನ್ನೇ ಸಿಡಿಸುವ ಲಿವರ್ ಕಡೆ ನಡೆಯುತ್ತಾನೆ. ಬಾಗಿಲಿಗೆ ಓಡಿ ಬಂದ ಎಲಿಜಬೆತ್‌ಳನ್ನೂ ಗಂಡ ಹೆನ್ರಿ ಫ್ರಾಂಕೆನ್‌ಸ್ಟೈನನನ್ನೂ ಬದುಕಿಕೊಳ್ಳಿ ಎಂದು ಹೊರಗಟ್ಟಿ, ಪ್ರಿಟೋರಿಯಸ್‌ಗೆ ನೀನು ಇಲ್ಲೇ ಇರು, ನಮ್ಮಂಥವರ ಜಾಗ ಸತ್ತವರ ನಡುವೆ ಎನ್ನುತ್ತಾನೆ. ಅವಳು ಇನ್ನೊಮ್ಮೆ ಬುಸುಗುಡುತ್ತಾಳೆ. ಕಣ್ಣೀರು ತುಂಬಿಕೊಂಡೇ ಅವನು ಲಿವರ್ ಎಳೆಯುತ್ತಾನೆ. ಅವಳ ಜೊತೆಯಲ್ಲೇ ಸಾಯಬೇಕೆಂದೂ ಅವನೇ ತೀರ್ಮಾನಿಸಿದ್ದು, ಅದನ್ನು ಮರೆತು ಬರೀ ಅವನಿಗಾಗಿ ಮರುಗುವುದು ನನ್ನಿಂದಾಗದು.

ಮುಂದೆ 1939ರಲ್ಲಿ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಬಂದಾಗ ದೈತ್ಯ ಬದುಕಿ ಬಂದ, ಕಲಿತ ಮಾತು ಮರೆತು ಮತ್ತೆ ಮೂಕನಾಗಿದ್ದ. ಕಾರ್ಲಾಫ್‌ಗೆ ಸಮಾಧಾನವಾಗಿರಬೇಕು. ಮದುಮಗಳು ಮಾತ್ರ ಆ ಸರಣಿಯಲ್ಲಿ ಮತ್ತೆ ಬರಲಿಲ್ಲ.

ಹೆನ್ರಿಯ ಕಥೆ ಬೇರೆ. ಮೊದಲಿಗೆ ಅವನೂ ಗೋಪುರದ ಜೊತೆ ಸಾಯುವುದೆಂದಿತ್ತು, ಕಡೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಬದುಕಿಸಿದರು. ಅಷ್ಟರಲ್ಲಿ ಸ್ಫೋಟದ ಶಾಟ್ ತೆಗೆದಾಗಿತ್ತು. ಅದನ್ನೇ ಉಳಿಸಿಕೊಂಡರು. ಈಚೆಗೆ ಮತ್ತೆ ನೋಡುವಾಗ ಅಲ್ಲಿ ನಿಲ್ಲಿಸಿ, ಒಂದೊಂದೇ ಚೌಕಟ್ಟು ಸರಿಸಿ ನೋಡಿದೆ. ಕಲ್ಲು ತೊಲೆ ಉರುಳುತ್ತಿರುವ ಪ್ರಯೋಗಶಾಲೆಯ ಗೋಡೆಗೆ ಆತುಕೊಂಡು ಹೆನ್ರಿ ನಿಂತೇ ಇದ್ದಾನೆ. ಮುಂದೆ ಹೊರಗಿನ ಗುಡ್ಡದ ಮೇಲೆ, ಹೆಂಡತಿಯನ್ನು ತಬ್ಬಿಕೊಂಡು ಸಮಾಧಾನ ಹೇಳುತ್ತಿದ್ದಾನೆ.