ದೊಡ್ಡ ಗಾಡಿ ಮಾರಿ ಸಣ್ಣ ಕಾರು ತಗೋಬೇಕಾ? ಮೊದಲು ಒಂದು ತಿಂಗಳು ಲೆಕ್ಕ ಬರೀರಿ

ಮೆಣಸಿನಕಾಯಿಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಮನೆಗೆ ಏಳು ಸೀಟಿನ ಡೀಸೆಲ್ ಗಾಡಿ ಬಂತು. ಆಮೇಲೆ 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ಗಲಾಟೆ ಆದದ್ದು ನಿಮಗೂ ನೆನಪಿರಬೇಕು. ಆಗಿಂದ ಡೀಸೆಲ್ ಹಾಕಿಸುವಾಗೆಲ್ಲ ಕೈ ಹಿಂದೆ ಸರಿಯುತ್ತದೆ. ಮಾರಿ ಸಣ್ಣ ಪೆಟ್ರೋಲ್ ಕಾರು ತರೋಣ ಅಂದೆ. ಅಪ್ಪ ಅಂದರು: "ಊರಾಗ ಮಂದಿ ಏನಂತಾರ ಬಿಡು, ಮಳಿಗಾಲದಾಗ ಎರಿ ಹೊಲದ ದಾರಿಗೆ ಆ ಕಾರು ಬರತೈತೇನು?"

ಇಬ್ಬರ ಮಾತೂ ಬಿಟ್ಟು, ಒಂದು ತಿಂಗಳು ಪುಸ್ತಕದಲ್ಲಿ ಬರೆದೆ.

1. ನಿಜವಾದ ಮೈಲೇಜ್ ಅಳೀರಿ

ಕಂಪನಿ ಹೇಳುವ ಮೈಲೇಜ್ ನಮ್ಮ ರಸ್ತೆಯದ್ದಲ್ಲ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಫೋಟೋ ತಗೊಳ್ಳಿ. ಮುಂದಿನ ಸಲ ಫುಲ್ ಮಾಡಿಸಿದಾಗ ಓಡಿದ ಕಿ.ಮೀ.ಗೆ ಹಾಕಿದ ಲೀಟರ್ ಭಾಗಿಸಿ. ನಮ್ಮದು 13 ಬಂತು. ಗೆಳೆಯನ ಸಣ್ಣ ಪೆಟ್ರೋಲ್ ಕಾರು 20.

2. ಲೀಟರ್ ಅಲ್ಲ, ರೂಪಾಯಿ ಹೋಲಿಸಿ

ಲೆಕ್ಕಕ್ಕೆ ಡೀಸೆಲ್ 91, ಪೆಟ್ರೋಲ್ 103 ರೂ. ಹಿಡಿದಿದ್ದೇನೆ, ನೀವು ನಿಮ್ಮ ಬಂಕಿನ ದರ ಹಾಕಿಕೊಳ್ಳಿ. ದೊಡ್ಡ ಗಾಡಿಗೆ ಕಿ.ಮೀ.ಗೆ 7 ರೂ., ಸಣ್ಣದಕ್ಕೆ 5.15 ರೂ. ನಾವು ತಿಂಗಳಿಗೆ 1000 ಕಿ.ಮೀ. ಓಡಿಸುತ್ತೇವೆ. ಉಳಿಯೋದು 1,850 ರೂ., ವರ್ಷಕ್ಕೆ ಸುಮಾರು 22,000.

ಮೈಲೇಜ್ ಸಂಖ್ಯೆ ಕಣ್ಣಿಗೆ ಮೋಸ ಮಾಡುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲೇ ಇದನ್ನು ತೋರಿಸಿದ್ದರು. 1000 ಕಿ.ಮೀ. ಓಟದಲ್ಲಿ 10ರಿಂದ 13ಕ್ಕೆ ಏರಿದರೆ 23 ಲೀಟರ್ ಉಳಿತಾಯ. 20ರಿಂದ 26ಕ್ಕೆ ಏರಿದರೆ ಬರೀ 11–12 ಲೀಟರ್. ಅಂದರೆ 10ರ ಆಸುಪಾಸು ಕೊಡುವ ಹಳೇ ಗಾಡಿ ಇದ್ದವರಿಗೇ ಬದಲಾವಣೆಯಿಂದ ಹೆಚ್ಚು ಲಾಭ.

3. ಬದಲಾಯಿಸೋಕೂ ದುಡ್ಡು ಬೇಕು

ನಮ್ಮ ಗಾಡಿ ಕೊಟ್ಟು ಎರಡು ವರ್ಷ ಹಳೇ ಕಾರು ತರೋಕೆ, ಕಾಗದಪತ್ರ ಸೇರಿ ಮೇಲೆ 1 ಲಕ್ಷ ಬೇಕಿತ್ತು. ವಿಮೆ, ಟೈರ್, ಸರ್ವಿಸ್‌ನಲ್ಲಿ ವರ್ಷಕ್ಕೆ 14,000 ಉಳಿಯುತ್ತದೆ. ಆದರೆ ಈಗ ಗಾಡಿಯಲ್ಲೇ ಒಯ್ಯುವ ತರಕಾರಿ, ಸಸಿ ಟ್ರೇಗಳಿಗೆ ವರ್ಷಕ್ಕೆ ಹತ್ತು ಸಲ ಟಾಟಾ ಏಸ್ ಬಾಡಿಗೆ ಹಿಡಿಯಬೇಕು: 12,000. ಕೊನೆಗೆ ಉಳಿಯೋದು 24,000. ಆ ಲಕ್ಷ ವಾಪಸ್ ಬರೋಕೆ ನಾಲ್ಕು ವರ್ಷ ದಾಟುತ್ತದೆ.

4. ಪುಸ್ತಕ ತೋರಿಸಿದ ಸತ್ಯ

1000 ಕಿ.ಮೀ.ಯಲ್ಲಿ 400 ಕಿ.ಮೀ. ನಾನೊಬ್ಬನೇ, ಕೈಯಲ್ಲಿ ಏನೂ ಇಲ್ಲದೆ ಹೋಗಿದ್ದು! ಹಾವೇರಿಗೆ ಬ್ಯಾಂಕ್ ಕೆಲಸ, ರಾಣೆಬೆನ್ನೂರಿಗೆ ಬೀಜ ವಿಚಾರಿಸೋಕೆ, ಬ್ಯಾಡಗಿಗೆ ಬರೀ ರೇಟು ಕೇಳೋಕೆ. ಅದಕ್ಕೆ ಡೀಸೆಲ್ 2,800 ರೂ. ಮನೆಯಲ್ಲೇ ನಿಂತಿರುವ ಬೈಕ್ ಲೀಟರಿಗೆ 50 ಕೊಡುತ್ತದೆ. ಅಷ್ಟೇ ಓಟಕ್ಕೆ 824 ರೂ. ಉಳಿತಾಯ 1,976 ರೂ. ಕಾರು ಬದಲಿಸಿದರೆ ಇಂಧನದಲ್ಲಿ ಉಳಿಯುವುದಕ್ಕಿಂತ ಜಾಸ್ತಿ, ಒಂದು ರೂಪಾಯಿ ಬಂಡವಾಳ ಇಲ್ಲದೆ.

ರೇಟು ಕೇಳೋಕೆ ಹೋಗೋದನ್ನೂ ನಿಲ್ಲಿಸಿದೆ. ಫೋನ್ ಇದೆಯಲ್ಲ!

ಹಾಗಾದರೆ ಯಾರು ಬದಲಾಯಿಸಬೇಕು?

- ತಿಂಗಳಿಗೆ 2000 ಕಿ.ಮೀ. ಓಡಿಸುವವರು: ನಮ್ಮದೇ ಲೆಕ್ಕದಲ್ಲಿ ಎರಡು ವರ್ಷ ಚಿಲ್ಲರೆಗೆ ದುಡ್ಡು ವಾಪಸ್.
- ದೊಡ್ಡ ರಿಪೇರಿ ಎದುರಿಗಿರುವವರು, ಹೊರೆ ಒಯ್ಯುವ ಕೆಲಸವೇ ಇಲ್ಲದವರು.
- ಹೊಸ ಸಾಲ ಮಾಡಿಯೇ ಬದಲಾಯಿಸಬೇಕು ಅನ್ನುವವರು ಬಡ್ಡಿಯನ್ನೂ ಸೇರಿಸಿ ಮತ್ತೊಮ್ಮೆ ಕೂಡಿಸಿ ನೋಡ್ರಿ.

ನಾನು ಸದ್ಯ ಗಾಡಿ ಮಾರಲಿಲ್ಲ. ಆ ಒಂದು ಲಕ್ಷವನ್ನು ಹನಿ ನೀರಾವರಿಗೆ ಇಟ್ಟೆ. ಅಪ್ಪ ಗೆದ್ದೆ ಅಂದುಕೊಂಡಿದ್ದಾರೆ. ಆದರೆ ಗಾಡಿ ಕೀಲಿ ಈಗ ಆ ಲೆಕ್ಕದ ಪುಸ್ತಕದ ಮೇಲೇ ಇರುತ್ತದೆ. ಎಲ್ಲಿಗೆ, ಯಾಕೆ ಅಂತ ಬರೆದೇ ತಗೋಬೇಕು. ಅಪ್ಪನೂ ಅಷ್ಟೇ!