ಕಂಪ್ಯೂಟರ್ ಜಾಲದ ಕಲಿಕೆಗೆ ಮೊದಲ ಹೆಜ್ಜೆ

ನಿಮ್ಮ ಮನೆಯ ರೇಡಿಯೋ ಒಂದು ಬೆಳಗ್ಗೆ ಮಾತನಾಡದೆ ಸುಮ್ಮನಾಯಿತೆಂದು ಇಟ್ಟುಕೊಳ್ಳಿ. ಆಗ ನೀವೇನು ಮಾಡುತ್ತೀರಿ? ಮೊದಲು ದೀಪ ಹಾಕಿ ಕರೆಂಟು ಇದೆಯೇ ಎಂದು ನೋಡುತ್ತೀರಿ. ಆಮೇಲೆ ಪ್ಲಗ್ಗು, ಆಮೇಲೆ ಏರಿಯಲ್ಲು, ಕೊನೆಗೆ ಮುಳ್ಳು ಸರಿಯಾದ ಸ್ಥಾನದಲ್ಲಿದೆಯೇ ಎಂಬುದು. ಯಾರೂ ಮೊದಲೇ ಪೆಟ್ಟಿಗೆ ಬಿಚ್ಚಿ ಕೂರುವುದಿಲ್ಲ. ಹೀಗೆ ಒಂದೊಂದೇ ಮೆಟ್ಟಿಲು ಪರೀಕ್ಷಿಸುತ್ತ, ತಪ್ಪು ಎಲ್ಲಿದೆಯೆಂದು ಗೊತ್ತು ಮಾಡುವುದೇ ಕಂಪ್ಯೂಟರ್ ಜಾಲದ ವಿದ್ಯೆಗೂ ತಳಹದಿ.

ಈ ಮಾತು ಹೇಳಲು ಕಾರಣವುಂಟು. ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಊರುಗಳಲ್ಲಿ ಡಿಪ್ಲೊಮಾವನ್ನೋ ಪದವಿಯನ್ನೋ ಮುಗಿಸಿದ ಮಕ್ಕಳು ‘ನೆಟ್‌ವರ್ಕಿಂಗ್ ಕಲಿಯುತ್ತೇನೆ’ ಎಂದರೆ, ಮೈಸೂರಿನಲ್ಲಿ ಶುಲ್ಕವೆಷ್ಟು, ಬೆಂಗಳೂರಿನಲ್ಲೆಷ್ಟು ಎಂಬ ವಿಚಾರವೇ ಮನೆಯಲ್ಲಿ ಮೊದಲು ಬರುತ್ತದೆ. ಸಾಲ ಮಾಡಿ ಹಣ ಕಟ್ಟಿ, ಪ್ರಮಾಣಪತ್ರವೂ ಕೈಗೆ ಬಂದ ಮೇಲೆ, ಸಂದರ್ಶನದಲ್ಲಿ ‘ಇಂಟರ್‌ನೆಟ್ ಬರುತ್ತಿಲ್ಲ, ಮೊದಲು ಏನು ನೋಡುತ್ತೀರಿ?’ ಎಂಬ ಸರಳ ಪ್ರಶ್ನೆಗೆ ಉತ್ತರ ತೋಚದಿದ್ದರೆ ಹಣವೂ ಹೋಯಿತು, ವರ್ಷವೂ ಹೋಯಿತು. ಮೊದಲ ಪಾಠಗಳಿಗೆ ಬೇಕಾದ ಸಲಕರಣೆಯಾದರೋ ನಿಮ್ಮ ಮನೆಯ ಮೂಲೆಯಲ್ಲೇ ಇದೆ. ಅದೇ ಮಿಣಮಿಣ ದೀಪದ ರೂಟರ್ ಪೆಟ್ಟಿಗೆ.

ಜಾಲದ ಕೆಲಸ ತಿಳಿಯಲು ಹಳೆಯ ಮೈಸೂರು ಸಂಸ್ಥಾನದ ಅಂಚೆಯನ್ನು ನೆನೆಯಿರಿ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರುವವರೆಗೆ ಅದು ಸಂಸ್ಥಾನದ್ದೇ ಆಗಿತ್ತು. ಅಂಚೆಯವನು ಚೀಲ ಹೊತ್ತು ಮುಂದಿನ ಮಜಲಿನವರೆಗೆ ಓಡುತ್ತಿದ್ದ; ಅಲ್ಲಿಂದ ಮುಂದಕ್ಕೆ ಇನ್ನೊಬ್ಬ. ಇಡೀ ದಾರಿಯನ್ನು ಯಾರೂ ತಿಳಿದಿರಬೇಕಾಗಿರಲಿಲ್ಲ, ಮುಂದಿನ ಮಜಲು ತಿಳಿದಿದ್ದರೆ ಸಾಕು. ರೂಟರುಗಳ ರೀತಿಯೂ ಇದೇ. ನೀವು ಕಳಿಸುವ ಚಿತ್ರವನ್ನಾಗಲಿ ಪತ್ರವನ್ನಾಗಲಿ ಕಂಪ್ಯೂಟರು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು, ಪ್ರತಿಯೊಂದರ ಮೇಲೂ ಕಳಿಸಿದವರ ಮತ್ತು ಪಡೆಯುವವರ ವಿಳಾಸ ಬರೆಯುತ್ತದೆ; ಕ್ರಮಸಂಖ್ಯೆಯನ್ನೂ ಹಾಕುತ್ತದೆ. ಆಚೆಯ ಕಂಪ್ಯೂಟರು ಅವನ್ನು ಕ್ರಮವಾಗಿ ಜೋಡಿಸಿ, ಕಳೆದುಹೋದದ್ದು ಮತ್ತೆ ಬರುವಂತೆ ಮಾಡಿಕೊಳ್ಳುತ್ತದೆ. ಈ ಏರ್ಪಾಟಿನ ರೂಪರೇಖೆಯನ್ನು 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಪ್ರಕಟಿಸಿದರು. ನಮ್ಮ ದೇಶದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಇನ್ನು ವಿಳಾಸದ ವಿಚಾರ. ನಂಜನಗೂಡಿನ ಪಿನ್ ಸಂಖ್ಯೆ 571301, ನರಸೀಪುರದ್ದು 571124. ಮೊದಲ ಮೂರು ಅಂಕಿ ಎರಡಕ್ಕೂ ಒಂದೇ; ಅವು ವಿಂಗಡಣೆಯ ಜಿಲ್ಲೆಯನ್ನು ಸೂಚಿಸುತ್ತವೆ. ಉಳಿದವು ಅಂಚೆ ಕಚೇರಿಯನ್ನು ಗುರುತಿಸುತ್ತವೆ. ಜಾಲದ ವಿಳಾಸವೂ ಹೀಗೆಯೇ ಎರಡು ಭಾಗದ್ದು. 192.168.1.5 ಎಂಬ ವಿಳಾಸದ ಜೊತೆಗೆ 255.255.255.0 ಎಂಬ ‘ಮಾಸ್ಕ್’ ಇದ್ದರೆ, ಮೊದಲ ಮೂರು ಭಾಗ ಬೀದಿ, ಕೊನೆಯದು ಮನೆ ಎಂದು ತಿಳಿಯಬೇಕು. ಅದೇ ಬೀದಿಯ ಪ್ಯಾಕೆಟ್ಟನ್ನು ನೇರವಾಗಿ ತಲುಪಿಸಬಹುದು. ಬೇರೆ ಬೀದಿಯದಾದರೆ ರೂಟರಿಗೆ ಒಪ್ಪಿಸಬೇಕು. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುವಂತೆ, ಎರಡು ಜಾಲಗಳು ಕೂಡುವ ಸ್ಥಳವೇ ರೂಟರು. 192.168 ಎಂದು ಮೊದಲಾಗುವ ವಿಳಾಸ ಪಕ್ಕದ ಮನೆಯಲ್ಲೂ ಇರಬಹುದಲ್ಲ ಎಂದು ನೀವು ಕೇಳಬಹುದು. ಇದ್ದರೆ ತೊಂದರೆಯಿಲ್ಲ. ಪ್ರತಿ ಮನೆಯಲ್ಲೂ ಒಬ್ಬ ‘ದೊಡ್ಡಮ್ಮ’ ಇರುವಂತೆ, ಆ ಹೆಸರು ಮನೆಯೊಳಗಷ್ಟೇ ನಡೆಯುತ್ತದೆ. ಹೊರಗೆ ಹೋಗುವಾಗ ರೂಟರು ಬೇರೆ ವಿಳಾಸ ಹಾಕಿ ಕಳಿಸುತ್ತದೆ.

ಈಗ ಪ್ರಯೋಗಕ್ಕೆ ಬನ್ನಿ. ವಿಂಡೋಸ್ ಕಂಪ್ಯೂಟರಿನ ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ಐಪಿಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ವಿಳಾಸವೂ, ‘ಡೀಫಾಲ್ಟ್ ಗೇಟ್‌ವೇ’ ಎಂಬ ಹೆಸರಿನಲ್ಲಿ ರೂಟರಿನ ವಿಳಾಸವೂ ಕಾಣುತ್ತವೆ. ಕಂಪ್ಯೂಟರ್ ಇಲ್ಲದಿದ್ದರೆ ಮೊಬೈಲಿನ ವೈಫೈ ವಿವರಗಳಲ್ಲಿ ನೋಡಬಹುದು. ಅನಂತರ ‘ಪಿಂಗ್’ ಎಂಬ ಆಜ್ಞೆ. ಕೂಗು ಹಾಕಿ ಮರುದನಿಗೆ ಕಾಯುವುದೇ ಇದರ ಕೆಲಸ. ಮೊದಲು ರೂಟರಿಗೆ ಪಿಂಗ್ ಮಾಡಿ. ಉತ್ತರ ಬಾರದಿದ್ದರೆ ದೋಷ ಬಹುಮಟ್ಟಿಗೆ ಮನೆಯೊಳಗೇ ಇದೆ. ವೈರು, ವೈಫೈ ನೋಡಿ. ಬಂದರೆ 8.8.8.8 ಎಂಬ ಹೊರಗಿನ ಸಂಖ್ಯೆಗೆ ಮಾಡಿ. ಅದಕ್ಕೆ ಉತ್ತರವಿಲ್ಲದಿದ್ದರೆ ರೂಟರಿನಿಂದಾಚೆಯ ದಾರಿಯನ್ನು ಶಂಕಿಸಬೇಕು. ಮೂರನೆಯದಾಗಿ, ಯಾವುದಾದರೂ ಜಾಲತಾಣದ ಹೆಸರಿಗೆ ಮಾಡಿ. ಸಂಖ್ಯೆ ಸಿಕ್ಕಿ ಹೆಸರು ಸಿಗದಿದ್ದರೆ, ಹೆಸರಿಗೆ ಸಂಖ್ಯೆ ಹುಡುಕಿಕೊಡುವ ‘ಡಿಎನ್‌ಎಸ್’ ಎಂಬ ಏರ್ಪಾಟಿನಲ್ಲಿ ತೊಡಕು. ಸಂದರ್ಶನದ ಆ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ದೊರೆಯಿತು.

‘ಟ್ರೇಸರ್ಟ್’ ಎಂಬ ಇನ್ನೊಂದು ಆಜ್ಞೆ ದಾರಿಯ ಮಜಲುಗಳನ್ನು ಸಾಲುಸಾಲಾಗಿ ತೋರಿಸುತ್ತದೆ. ನಡುವೆ ನಕ್ಷತ್ರದ ಗುರುತು ಬಂದರೆ ಹೆದರಬೇಡಿ. ಆ ಮಜಲು ಉತ್ತರ ಕೊಡಲಿಲ್ಲವೆಂದಷ್ಟೇ ಅರ್ಥ. ಕಪಿಲೆಯ ನೀರು ನಂಜನಗೂಡಿನಿಂದ ನರಸೀಪುರಕ್ಕೆ ತನ್ನ ಪಾತ್ರದಲ್ಲೇ ಹರಿಯುತ್ತದೆ. ಪ್ಯಾಕೆಟ್ಟಾದರೋ ಅಷ್ಟು ಹತ್ತಿರದ ಊರಿಗೂ ಬೆಂಗಳೂರನ್ನು ಸುತ್ತಿ ಬರಬಹುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, 300 ಕಿಲೋಮೀಟರಿನ ಸುತ್ತಿಗೆ ಹಿಡಿಯುವ ಕಾಲ ಒಂದೂವರೆ ಮಿಲಿಸೆಕೆಂಡು ಮಾತ್ರ.

ಇದಾದ ಮೇಲೆ ಕಾಗದ, ಪೆನ್ಸಿಲು ಹಿಡಿಯಬೇಕು. ಸೊನ್ನೆ ಮತ್ತು ಒಂದರ ದ್ವಿಮಾನ ಲೆಕ್ಕ ಕಲಿತರೆ, ವಿಳಾಸದ ಒಂದೊಂದು ಭಾಗವೂ 255ನ್ನು ಏಕೆ ಮೀರುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಸಿಸ್ಕೋ ಸಂಸ್ಥೆಯ ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಪರದೆಯ ಮೇಲೆಯೇ ರೂಟರುಗಳನ್ನು ಜೋಡಿಸಿ, ಕೆಡಿಸಿ, ಮತ್ತೆ ಸರಿಪಡಿಸಬಹುದು. ಆದರೆ ಅನ್ಯರ ಜಾಲದಲ್ಲಿ ಅನುಮತಿಯಿಲ್ಲದೆ ಕೈಯಾಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ತಪ್ಪೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿಡಿ.

ತರಗತಿಗಳು ಬೇಡವೆಂದಲ್ಲ, ಅವಕ್ಕೆ ಕಾಲ ಬರುತ್ತದೆ. ಹಣ ಕಟ್ಟುವ ಮುಂಚೆ ಒಂದು ಸಂಜೆ ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ‘ನಮ್ಮ ಮನೆಯಿಂದ ಒಂದು ಪ್ಯಾಕೆಟ್ಟು ಹೇಗೆ ಹೊರಟು ಹೇಗೆ ಸೇರುತ್ತದೆ, ಬರೆದು ತೋರಿಸು’ ಎನ್ನಿ. ಅವರು ಬರೆದದ್ದು ನಿಮಗೂ ಅರ್ಥವಾದರೆ, ಆಗ ಶುಲ್ಕದ ಮಾತೆತ್ತಬಹುದು.